ಭಾವ ಆಡದೆ ಕೂತ ಐದನೆಯ ಪಂದ್ಯಾಟ

ದುಬೈಯ ಅಲ್ ಕೂಜ್‌ನ ಆ ಜಾಗವನ್ನು ಮೈದಾನ ಎಂದು ಕರೆಯುತ್ತಿದ್ದುದು ನಮ್ಮ ಪ್ರೀತಿಯಿಂದಷ್ಟೇ. ಎರಡು ಗೋದಾಮುಗಳ ನಡುವೆ ಲಾರಿಗಳು ತಿರುಗಿ ತಿರುಗಿ ಗಟ್ಟಿಯಾದ ಮರಳು ನೆಲ ಅದು. ಆ ಶುಕ್ರವಾರ ಮಧ್ಯಾಹ್ನ ಅದರ ಒಂದು ಮೂಲೆಯಲ್ಲಿ, ಸುಣ್ಣದ ಗೆರೆಗೆ ತಾಗಿಸಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಾವು ನಾಲ್ವರು ಕೂತಿದ್ದೆವು: ಭಾವ, ಅವರ ಪಕ್ಕದಲ್ಲಿ ಅಕ್ಕ, ಅಕ್ಕನ ಪಕ್ಕ ಅವಳ ತಂಗಿ ನಾನು, ನನ್ನಿಂದ ಈಚೆಗೆ ಬಿಳಿಗಡ್ಡದ ಒಬ್ಬ ಅಮೆರಿಕದ ಹಿರಿಯರು. ಮೈದಾನದ ನಡುವೆ ಅಂಪೈರ್ ಆಗಿ ನಿಂತವರು ನಮ್ಮ ಸಂಘದ ಕಾರ್ಯದರ್ಶಿ. ಬ್ಯಾಟು ಹಿಡಿದವನು ಭಟ್ಕಳದ ತಂಡದ ಕ್ಯಾಪ್ಟನ್. ಜುಮ್ಮಾ ನಮಾಜು ಮುಗಿಸಿ, ಬಿರಿಯಾನಿಯನ್ನು ಮಾತ್ರ ಕಪ್ಪು ಗೆದ್ದ ಮೇಲೆಯೇ ತಿನ್ನುವುದು ಎಂದು ಹೇಳಿಕೊಂಡು ಬಂದಿದ್ದ. ಫೈನಲ್ ನಡೆಯುತ್ತಿತ್ತು. ನಮ್ಮ ತಂಡ ಫೀಲ್ಡಿಂಗ್ ಮಾಡುತ್ತಿತ್ತು.

ಅಕ್ಕ ಆಟ ನೋಡುತ್ತಿರಲಿಲ್ಲ. ಅವಳ ಎಡಗೈ ಭಾವನ ಜೆರ್ಸಿಯ ಅಂಚನ್ನು ಮುಷ್ಟಿ ಮಾಡಿ ಹಿಡಿದಿತ್ತು. ಮಗುವನ್ನು ರಸ್ತೆ ದಾಟಿಸುವಾಗ ಹಿಡಿಯುತ್ತಾರಲ್ಲ, ಹಾಗೆ.

ಯಾಕೆ ಹಿಡಿದಿದ್ದಳು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಂಡರ್‌ಆರ್ಮ್ ಕ್ರಿಕೆಟ್ ಎಂದರೆ ಏನೆಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಇಷ್ಟು: ಟೆನಿಸ್ ಚೆಂಡು, ಸಣ್ಣ ಅಂಗಳ, ಬೌಲರ್ ಕೈಯನ್ನು ಹೆಗಲಿನ ಮೇಲೆ ಎತ್ತದೆ ಸೊಂಟದ ಕೆಳಗಿನಿಂದಲೇ ಚೆಂಡು ಬಿಡಬೇಕು. ಭಾವ ಅದರಲ್ಲಿ ದೊಡ್ಡ ಹೊಡೆತಗಾರ. ಕುಂದಾಪುರದ ಕಡೆಯ ಹೊನಲು ಬೆಳಕಿನ ಪಂದ್ಯಾಟಗಳಿಗೆ ದೂರದೂರದ ತಂಡಗಳು ಜೀಪು ಕಳಿಸಿ ಅವರನ್ನು ಕರೆಸಿಕೊಳ್ಳುತ್ತಿದ್ದವು. ಇವತ್ತು ಈ ಊರಿನ ಜೆರ್ಸಿ, ನಾಳೆ ಆ ಊರಿನದು. ಅದೇ ಅವರ ಕಸುಬು. ನಮ್ಮ ಮನೆಗೆ ಅವರ ಜಾತಕ ಬಂದಾಗ ಅಪ್ಪಯ್ಯ ದಲ್ಲಾಳಿಯ ಹತ್ತಿರ ಕೇಳಿದ್ದು ಒಂದೇ ಪ್ರಶ್ನೆ.

“ಹುಡ್ಗ ಎಂತ ಮಾಡ್ಕಂಡಿದ್ದ?”

“ಆಡ್ತ.”

“ಅದ್ ಸರಿ. ಕೆಲ್ಸ ಎಂತ?”

“ಅದೇ ಕೆಲ್ಸ ಅಯ್ಯ. ಆಡೂದೇ.”

ಅಪ್ಪಯ್ಯ ಎಲೆಯಡಿಕೆ ಉಗಿಯಲು ಎದ್ದು ಹೋದವರು ತುಂಬ ಹೊತ್ತು ಒಳಗೆ ಬರಲಿಲ್ಲ. ಮದುವೆ ಅಕ್ಕನ ಹಟದಿಂದ ಆಯಿತು. ಆಮೇಲೆ ನಮ್ಮ ಮನೆಯಲ್ಲಿ ಭಾವನಿಗೆ ಹೆಸರಿರಲಿಲ್ಲ; ‘ಚೆಂಡಿನವ’ ಎಂದೇ ಮಾತು. ‘ಚೆಂಡಿನವ ಬಂದಿದ್ದ, ಚಾ ಕೊಡಿ.’ ಅಕ್ಕ ಅದನ್ನು ಕೇಳಿಸಿಕೊಂಡು ಚಾ ಕೊಡುತ್ತಿದ್ದಳು.

ಭಾವನಿಗೆ ದುಬೈ ವೀಸಾ ಸಿಕ್ಕಿದ್ದೂ ಬ್ಯಾಟಿನಿಂದಲೇ. ಕಟ್ಟಡ ಸಾಮಾನಿನ ವ್ಯಾಪಾರಿಯೊಬ್ಬರು ಊರಿಗೆ ಬಂದಾಗ ಇವರ ಆಟ ನೋಡಿ, ಅಲ್ ಕೂಜ್‌ನ ತಮ್ಮ ಗೋದಾಮಿಗೆ ಸ್ಟೋರ್‌ಕೀಪರ್ ಎಂದು ಕರೆಸಿಕೊಂಡರು. ಇಂಟರ್‌ವ್ಯೂನಲ್ಲಿ ಸ್ಟೋರಿನ ಬಗ್ಗೆ ಏನೂ ಕೇಳಲಿಲ್ಲವಂತೆ. ‘ಲೆಗ್ ಕಡೆಗೆ ಗಾಳಿ ಎದುರಿದ್ದರೂ ಎತ್ತಿ ಹೊಡೀತೀರಾ?’ ಎಂದು ಮಾತ್ರ ಕೇಳಿದರಂತೆ. ಆಗ ಇಲ್ಲಿಯ ಕಂಪನಿಗಳಿಗೆ ಶುಕ್ರವಾರದ ಪಂದ್ಯಾಟ ಎಂದರೆ ಮಾನದ ಪ್ರಶ್ನೆ. ವಾರವಿಡೀ ಸಿಮೆಂಟು ಚೀಲ ಎಣಿಸಿದವರು ಶುಕ್ರವಾರ ರಾಜರಾಗುತ್ತಿದ್ದರು. ಭಾವ ಬಹಳ ವರ್ಷ ಹಾಗೆ ರಾಜರಾಗಿದ್ದು, ಮೊಣಕಾಲು ಕೈಕೊಟ್ಟ ಮೇಲೆ ಬ್ಯಾಟು ಕೆಳಗಿಟ್ಟರು.

ಇನ್ನು ಕಾರ್ಯದರ್ಶಿಯ ವಿಷಯ. ಅವರು ಅಬುಧಾಬಿಯಿಂದಲೂ ಪಶ್ಚಿಮಕ್ಕೆ, ಮದೀನತ್ ಜಾಯೆದ್ ಆಚೆಗಿನ ಗ್ಯಾಸ್ ಕಂಪನಿಯಲ್ಲಿದ್ದವರು. ಪ್ರತಿ ಶುಕ್ರವಾರ ಬೆಳಕು ಹರಿಯುವ ಮೊದಲೇ ಕಾರು ಹತ್ತಿ, ಅಷ್ಟು ದೂರದ ಮರುಭೂಮಿ ದಾರಿಯನ್ನು ದಾಟಿ ಬಂದು ಅಂಪೈರಿಂಗ್ ಮಾಡುತ್ತಿದ್ದರು. ಅಲ್ಲಿ ಅವರ ಮೇಲಧಿಕಾರಿಯಾಗಿದ್ದು, ಆ ದಿನ ಅವರ ಜೊತೆ ಆಟ ನೋಡಲು ಬಂದವರೇ ಆ ಅಮೆರಿಕದ ಹಿರಿಯರು. ಎಂಜಿನಿಯರ್ ಆಗುವ ಮೊದಲು ಅವರು ಸಂಬಳಕ್ಕೆ ಬೇಸ್‌ಬಾಲ್ ಆಡಿದವರಂತೆ. ಸಣ್ಣ ಸಣ್ಣ ಊರುಗಳ ತಂಡಗಳಲ್ಲಿ ಬಸ್ಸಿನಲ್ಲಿ ತಿರುಗಿ, ಕೊನೆಗೆ ಒಂದು ಬೇಸಿಗೆಯಷ್ಟು ಕಾಲ ದೊಡ್ಡ ಲೀಗಿಗೂ ಹೋಗಿ ಬಂದವರು.

ಅವರ ದೇಶದಲ್ಲಿ ಒಂದು ಭವನ ಇದೆಯಂತೆ. ಮಹಾ ಆಟಗಾರರ ಮುಖವನ್ನು ಹಿತ್ತಾಳೆಯಂಥ ಫಲಕದಲ್ಲಿ ಕೆತ್ತಿ ಗೋಡೆಗೆ ಹಾಕುತ್ತಾರಂತೆ. ಅದಕ್ಕೆ ಅರ್ಹರಾಗಬೇಕಾದರೆ ದೊಡ್ಡ ಲೀಗಿನಲ್ಲಿ ಹತ್ತು ವರ್ಷ ಆಡಿರಬೇಕು. ಆಮೇಲೆ ಆಟ ಬಿಟ್ಟು ಐದು ವರ್ಷ ಸುಮ್ಮನೆ ಕೂತಿರಬೇಕು. ನಡುವೆ ಆಸೆ ತಡೆಯದೆ ಒಂದೇ ಒಂದು ಪಂದ್ಯಕ್ಕೆ ಇಳಿದರೂ ಐದು ವರ್ಷದ ಲೆಕ್ಕ ಮತ್ತೆ ಮೊದಲಿನಿಂದ.

“ಐದು ವರ್ಷ ಯಾಕೆ?” ಎಂದು ಕಾರ್ಯದರ್ಶಿ ಕೇಳಿದ್ದರಂತೆ.

“ಚಪ್ಪಾಳೆಯ ಬಿಸಿ ಆರಬೇಕಲ್ಲ,” ಎಂದರಂತೆ ಅವರು. “ಆರಿದ ಮೇಲೂ ನೆನಪಿದ್ದರೆ ಆ ಮನುಷ್ಯ ದೊಡ್ಡವನು.”

ಈ ಮಾತು ಕಾರ್ಯದರ್ಶಿಯ ತಲೆಗೆ ಹತ್ತಿಬಿಟ್ಟಿತು. ಯಾಕೆಂದರೆ ನಮ್ಮವರ ಕ್ರಮ ಬೇರೆ. ‘ನಿವೃತ್ತಿಯ ಸನ್ಮಾನ’ ಎಂದು ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕಣ್ಣೀರು ಹಾಕಿ ಕಳಿಸಿಕೊಟ್ಟವರು ಮುಂದಿನ ವರ್ಷ ಓಪನಿಂಗ್ ಬ್ಯಾಟಿಂಗಿಗೆ ಬರುತ್ತಿದ್ದರು. ಮೂರು ಸಲ ನಿವೃತ್ತರಾಗಿ ಮೂರು ಪೇಟ ಗಳಿಸಿದವರಿದ್ದರು. ಕಾರ್ಯದರ್ಶಿ ಸಭೆಯಲ್ಲಿ ಮೇಜು ಗುದ್ದಿ ಹೇಳಿದರು: ಇನ್ನು ಪೇಟ ಇಲ್ಲ. ಸಂಘದ ಸಭಾಂಗಣದಲ್ಲಿ ಒಂದು ತೇಗದ ಫಲಕ. ಅದಕ್ಕೆ ಹೆಸರು ಏರಬೇಕಾದರೆ ಹತ್ತು ವರ್ಷ ಆಡಿರಬೇಕು, ಬಿಟ್ಟ ಮೇಲೆ ವರ್ಷಕ್ಕೊಂದರಂತೆ ಐದು ಪಂದ್ಯಾಟ ಆಡದೆ ಕೂತಿರಬೇಕು. ಎಲ್ಲಿಯೇ ಆಗಲಿ ಗೆರೆ ದಾಟಿ ಆಡಿದರೆ ಲೆಕ್ಕ ಮೊದಲಿನಿಂದ.

ಎಲ್ಲರೂ ಕೈ ಎತ್ತಿದರು. ಐದು ಪಂದ್ಯಾಟ ಕೂತಿರುವುದು ಎಂದರೆ ಏನೆಂದು ಆಗ ಯಾರಿಗೂ ಅಂದಾಜಿರಲಿಲ್ಲ. ಉಳಿದವರೆಲ್ಲ ಎರಡನೆಯದರಲ್ಲೋ ಮೂರನೆಯದರಲ್ಲೋ ಜಾರಿದರು. ನಾಲ್ಕು ದಾಟಿ ಐದನೆಯದರ ಫೈನಲ್‌ವರೆಗೆ ಬಂದವರು ಭಾವ ಒಬ್ಬರೇ. ದಾಟಿಸಿದ್ದು ಅಕ್ಕ ಎಂದರೂ ಸರಿಯೇ.

ಅದು ಅವರಿಗೆ ಇಲ್ಲಿಯ ಕೊನೆಯ ಚಳಿಗಾಲವೂ ಆಗಿತ್ತು. ಗೋದಾಮು ಮುಚ್ಚುವುದಿತ್ತು; ಮಕ್ಕಳ ಪರೀಕ್ಷೆ ಮುಗಿದ ಕೂಡಲೇ ವೀಸಾ ರದ್ದು ಮಾಡಿಸಿ ಊರಿಗೆ ಹೊರಡಬೇಕು. ಮುಂದಿನ ತಿಂಗಳು ಸಂಘದ ವಾರ್ಷಿಕೋತ್ಸವ, ಫಲಕದ ಅನಾವರಣ. ಅಕ್ಕ ಅದಕ್ಕೆ ಅಪ್ಪಯ್ಯನನ್ನು ವಿಸಿಟ್ ವೀಸಾದ ಮೇಲೆ ಕರೆಸುವವಳಿದ್ದಳು. ಟಿಕೆಟ್ ಆಗಿತ್ತು. ಡಿಸ್ಕವರಿ ಗಾರ್ಡನ್ಸಿನ ಅವಳ ಫ್ಲ್ಯಾಟಿನಲ್ಲಿ ಅಪ್ಪಯ್ಯನಿಗೆಂದು ಮಂಚ ಬಂದಿತ್ತು. ಸಭೆಯಲ್ಲಿ ಅಪ್ಪಯ್ಯನನ್ನು ಯಾವ ಸಾಲಿನಲ್ಲಿ ಕೂರಿಸಬೇಕು, ಹೆಸರು ಓದುವಾಗ ಅವರ ಮುಖ ಕಾಣುವ ಹಾಗೆ ತಾನೆಲ್ಲಿ ಕೂರಬೇಕು ಎಂಬುದನ್ನೂ ಅವಳು ಯೋಚಿಸಿ ಇಟ್ಟುಕೊಂಡಿದ್ದಳು.

ಆದ್ದರಿಂದ ಆ ಮುಷ್ಟಿ.

ನಮ್ಮ ಲೀಗಿನ ಇನ್ನೊಂದು ನಿಯಮವನ್ನು ಇಲ್ಲಿ ಹೇಳಲೇಬೇಕು. ಗಲ್ಫಿನಲ್ಲಿ ಯಾರ ಶುಕ್ರವಾರವೂ ಪೂರ್ತಿ ಅವರದ್ದಲ್ಲ. ಹೋಟೆಲಿನವನು ಅರ್ಧ ಆಟದಲ್ಲಿ ಡ್ಯೂಟಿ ಬಸ್ಸು ಹತ್ತುತ್ತಾನೆ, ಆಸ್ಪತ್ರೆಯವನು ಡ್ಯೂಟಿ ಮುಗಿಸಿ ಅರ್ಧ ಆಟಕ್ಕೆ ಬರುತ್ತಾನೆ. ಪ್ರತಿ ಸಲ ಆಟ ನಿಲ್ಲಿಸಿ ಅಂಪೈರನ್ನು ಕೇಳುತ್ತಾ ಕೂತರೆ ಕತ್ತಲಾಗುತ್ತದೆ. ಹಾಗಾಗಿ ತಂಡದ ಜೆರ್ಸಿ ಹಾಕಿಕೊಂಡು ಗೆರೆಯ ಒಳಗೆ ಬಂದವನು, ಅಂಗಳದಲ್ಲಿ ತಂಡಕ್ಕೆ ಬೇಕಾದ ಎಂಟು ಜನ ತುಂಬಿಲ್ಲದಿದ್ದರೆ, ಫೀಲ್ಡರ್ ಎಂದೇ ಲೆಕ್ಕ. ಹೊರಗಿನ ನೋಡುಗರ ಕೈಗೆ ಚೆಂಡು ತಾಗಿದರೆ ನಾಲ್ಕು ರನ್.

ಭಾವ ಪ್ರತಿ ವರ್ಷದಂತೆ ತಂಡದ ಜೆರ್ಸಿಯಲ್ಲೇ ಬಂದಿದ್ದರು. ಆಡದವರಿಗೆ ಜೆರ್ಸಿ ಎಂತಕ್ಕೆ ಎಂದು ಅಕ್ಕ ಬೆಳಿಗ್ಗೆ ಕೇಳಿದ್ದಳು. ಹುಡುಗರು ಪ್ರೀತಿಯಿಂದ ಬೆನ್ನಿಗೆ ‘ಭಾವ’ ಎಂದು ಬರೆಸಿ ಕೊಟ್ಟದ್ದನ್ನು ಹೇಗೆ ಹಾಕದಿರುವುದು ಎಂದು ಅವರು.

ಕೊನೆಯ ಓವರಿಗೆ ಮೊದಲು ನಮ್ಮ ತಂಡದ ಹೋಟೆಲ್ ಹುಡುಗನಿಗೆ ಫೋನ್ ಬಂತು. ಅವನು ಕ್ಯಾಪ್ಟನ್ ಹತ್ತಿರ ಏನೋ ಹೇಳಿ, ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ರಸ್ತೆಯ ಕಡೆ ಓಡಿದ. ಬಸ್ಸು ಹಾರ್ನ್ ಹಾಕುತ್ತಿತ್ತು. ಉಳಿದವರು ಏಳು ಜನ. ಖಾಲಿಯಾದದ್ದು ನಮ್ಮ ಮೂಲೆಯೇ.

ನಮ್ಮ ಕ್ಯಾಪ್ಟನ್ ದೂರದಿಂದ ಕೂಗಿದ: “ಭಾವ, ಆ ಮೂಲೆ ಖಾಲಿ ಇತ್ತ್, ಇರ್ಲಿ. ನೀವ್ ಎಂತದೂ ಮಾಡೂದ್ ಬೇಡ. ಕೂಕಂಡೇ ಇರಿ!”

“ನಾನ್ ಎದ್ದಿದ್ನ?” ಎಂದರು ಭಾವ.

“ಏಳೂದೂ ಇಲ್ಲೆ,” ಎಂದಳು ಅಕ್ಕ, ಮುಷ್ಟಿ ಬಿಗಿ ಮಾಡಿ.

ಭಟ್ಕಳದ ಕ್ಯಾಪ್ಟನ್ ಬ್ಯಾಟಿನ ಮೇಲೆ ಗಲ್ಲ ಇಟ್ಟುಕೊಂಡು ನಗುತ್ತಿದ್ದ. “ಭಾವ, ಚಾ ಕುಡೀತಾ ಆರಾಮ್ ಕೂತ್ಕೊಳ್ಳಿ. ಚೆಂಡು ನಿಮ್ಮ ಹತ್ರಾನೇ ಕಳಿಸ್ತೇನೆ, ನೋಡಿ ಸಲಾಂ ಹೇಳಿ ಬಿಟ್ಬಿಡಿ!”

ಎರಡು ಕಡೆಯವರೂ ನಕ್ಕರು. ನಾನು ನಗಲಿಲ್ಲ. ಭಾವನ ಬಲಗಾಲು ಅದಾಗಲೇ ಕುರ್ಚಿಯ ಕೆಳಗಿನಿಂದ ಹೊರಬಂದು ಬೆರಳಿನ ಮೇಲೆ ನಿಂತಿತ್ತು. ಬೌಲರ್ ಓಡಿ ಬರುವಾಗೆಲ್ಲ ಅವರ ಉಸಿರು ನಿಲ್ಲುತ್ತಿತ್ತು, ಚೆಂಡು ನಿಂತ ಮೇಲೆ ಬಿಡುತ್ತಿದ್ದರು. ಅಕ್ಕನಿಗೆ ಇದೆಲ್ಲ ಬಟ್ಟೆಯ ಮೂಲಕವೇ ಗೊತ್ತಾಗುತ್ತಿತ್ತು.

ಕೊನೆಯ ಚೆಂಡು ಉಳಿಯಿತು. ಅವರಿಗೆ ಬೇಕಾದದ್ದು ನಾಲ್ಕು. ಗೆರೆ ದಾಟಿದರೆ ಕಪ್ಪು ಭಟ್ಕಳಕ್ಕೆ, ಇಲ್ಲದಿದ್ದರೆ ನಮಗೆ. ಯಾವ ಮೂಲೆ ಖಾಲಿ ಎಂಬುದು ಬ್ಯಾಟು ಹಿಡಿದವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಎಂಬುದು ನಮಗೆಲ್ಲ ಗೊತ್ತಿತ್ತು.

ಹೇಳಿದ ಮಾತಿನಂತೆಯೇ ಹೊಡೆದ. ಚೆಂಡು ಗೋದಾಮಿನ ತಗಡಿನ ಎತ್ತರಕ್ಕೆ ಹೋಗಿ, ಬಿಸಿಲಿನಲ್ಲಿ ಒಂದು ಕ್ಷಣ ಕಾಣದಾಗಿ, ನಮ್ಮ ಕಡೆಗೆ ಇಳಿಯತೊಡಗಿತು. ಗೆರೆಯ ಒಳಗೇ ಬಿದ್ದು ಹೊರಗೆ ಉರುಳುವ ಚೆಂಡು ಅದು. ನಾನು ಅದನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ಕುರ್ಚಿ ಮಗುಚಿದ ಸದ್ದಾಯಿತು. ಮತ್ತೆ ನೋಡಿದರೆ ಭಾವ ಮರಳಿನ ಮೇಲೆ ಮೊಣಕಾಲೂರಿ, ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡಿದ್ದರು. ಗೆರೆಯಿಂದ ಚೆನ್ನಾಗಿ ಒಳಗೆ. ಅಕ್ಕನ ಮುಷ್ಟಿ ಹಾಗೆಯೇ ಗಾಳಿಯಲ್ಲಿತ್ತು.

ಯಾರೂ ಕೂಗಲಿಲ್ಲ. ಅಷ್ಟು ಜನ ಸೇರಿದ್ದ ಕಡೆ ಆ ತರಹದ ಮೌನವನ್ನು ನಾನು ಆಸ್ಪತ್ರೆಯಲ್ಲಿ ಮಾತ್ರ ಕಂಡವಳು; ಅದು ನನ್ನ ಕೆಲಸದ ಜಾಗ. ಭಾವ ಎದ್ದರು. ಕೈಯಲ್ಲಿ ಚೆಂಡು. ಅದನ್ನು ಏನು ಮಾಡಬೇಕೆಂದು ತಿಳಿಯದವರ ಹಾಗೆ ನೋಡಿದರು.

ಮೊದಲು ಬಾಯಿ ಬಿಟ್ಟವನು ಭಟ್ಕಳದ ಕ್ಯಾಪ್ಟನ್. “ಫೋರ್!” ಎಂದ. “ಭಾವ ನೋಡೋಕೆ ಬಂದವರು. ಕುರ್ಚಿಯಿಂದ ಕೈ ಚಾಚಿದ್ದು. ನೋಡುಗರ ಕೈಗೆ ತಾಗಿದ್ರೆ ಫೋರ್, ಖಲಾಸ್. ನಮ್ಗೆ ಕಪ್ಪು, ಭಾವಂಗೆ ಬೋರ್ಡು!”

ಕಾಣಿ, ಎಂಥ ಸ್ಥಿತಿ! ಭಾವ ಆಡಿದ್ದು ಹೌದಾದರೆ ಬ್ಯಾಟ್ಸ್‌ಮನ್ ಔಟ್, ಕಪ್ಪು ನಮ್ಮದು, ಫಲಕ ಹೋಯಿತು. ನೋಡುಗರ ಕೈ ಎಂದಾದರೆ ಫಲಕ ಉಳಿಯಿತು, ಕಪ್ಪು ಹೋಯಿತು. ಎದುರಾಳಿಗಳು ಭಾವನ ಗೌರವಕ್ಕಾಗಿ ಹೋರಾಡುತ್ತಿದ್ದರು. ನಮ್ಮ ಹುಡುಗರಾದರೂ ‘ಔಟ್’ ಎನ್ನಬೇಕಲ್ಲ? ಅವರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ನಮ್ಮ ಕ್ಯಾಪ್ಟನ್ ಕಾರ್ಯದರ್ಶಿಯ ಹತ್ತಿರ ಹೋಗಿ ಸಣ್ಣ ದನಿಯಲ್ಲಿ, “ಫೋರ್ ಕೊಟ್ಬಿಡಿ ಸರ್. ಕಪ್ಪು ಬಪ್ಪ ವರ್ಷ ತಕಂಬ,” ಎಂದ.

ಕಾರ್ಯದರ್ಶಿ ಭಾವನ ಮುಂದೆ ಬಂದು ನಿಂತರು. ನಿಯಮ ತಂದವರೂ ಅವರೇ, ಈಗ ತೀರ್ಪು ಕೊಡಬೇಕಾದವರೂ ಅವರೇ. ಬೆವರು ಒರೆಸಿಕೊಂಡು ಕೇಳಿದರು: “ಅಣ್ಣ, ನೀವು ಆಡಿದ್ದಾ, ಇಲ್ಲ ಚೆಂಡು ಮೈಮೇಲೆ ಬಂತಂತ ಕೈ ಹೋದದ್ದಾ? ಯೋಚನೆ ಮಾಡಿ ಹೇಳಿ.”

ಯೋಚನೆ ಮಾಡಿ ಎಂಬ ಮಾತಿಗೆ ಅವರು ಕೊಟ್ಟ ಒತ್ತು ಮೈದಾನಕ್ಕೆಲ್ಲ ಕೇಳಿಸಿತು.

ಅಮೆರಿಕದವರು ನನ್ನನ್ನು ಏನಾಗುತ್ತಿದೆ ಎಂದು ಕೇಳಿದರು. ಹೇಳಿದೆ. ಅವರು, “ನಮ್ಮಲ್ಲಿ ಅಂಪೈರ್ ಕೇಳುವುದಿಲ್ಲ, ಹೇಳುತ್ತಾನೆ,” ಎಂದರು. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ, “ನನ್ನದು ಒಂದೇ ಬೇಸಿಗೆ. ಆ ಭವನಕ್ಕೆ ನಾನು ಹೋಗುವುದು ಟಿಕೆಟ್ ತೆಗೆದುಕೊಂಡು. ಒಳಗೆ ಇರುವವರು ಯಾರೂ ಇಂಥ ಚೆಂಡನ್ನು ಬಿಡುತ್ತಿರಲಿಲ್ಲ,” ಎಂದರು. ನಾನು ಅದನ್ನು ಕನ್ನಡಕ್ಕೆ ತರಲಿಲ್ಲ. ತಂದರೆ ಅಕ್ಕನಿಗೆ ಕೇಳಿಸುತ್ತಿತ್ತು.

ಭಾವ ಅಕ್ಕನ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಅಕ್ಕ ಮಗುಚಿದ ಕುರ್ಚಿಯ ಪಕ್ಕ ಎದ್ದು ನಿಂತಿದ್ದಳು. ಅವಳ ಮುಖ ಕೆಂಪಾಗಿತ್ತು. ಒಂದು ಮಾತು ಸಾಕಿತ್ತು. ‘ಕೂತಲ್ಲಿಂದಲೇ ಕೈ ಚಾಚಿದ್ದು’ ಎಂದಿದ್ದರೆ ಆ ಮೈದಾನದಲ್ಲಿ ಅಲ್ಲ ಎನ್ನುವ ಒಬ್ಬ ಮನುಷ್ಯ ಇರಲಿಲ್ಲ.

“ನನ್ ಮುಖ ಎಂತಕ್ಕೆ ಕಾಂತ್ರಿ?” ಎಂದಳು ಅಕ್ಕ. “ಅಂಗಿ ಹಿಡ್ಕಂಡದ್ದ್ ನಾನ್. ಬಿಡಿಸ್ಕಂಡ್ ಓಡಿದ್ದ್ ನೀವ್. ಈಗ ನನ್ ಹತ್ರ ಕೇಂತ್ರಾ?”

ಅಷ್ಟೇ. ಅವಳು ಸಾಕ್ಷಿ ಹೇಳಬೇಕೆಂದು ಹೇಳಿದ್ದಲ್ಲ, ಗಂಡನನ್ನು ಬೈದದ್ದು. ಆದರೆ ಹಿಡಿದವರ ಕೈ ಬಿಡಿಸಿಕೊಂಡು ಓಡಿದವನನ್ನು ನೋಡುಗ ಎಂದು ಯಾರು ಹೇಳುತ್ತಾರೆ?

ಭಾವ ಕಾರ್ಯದರ್ಶಿಯ ಕೈಗೆ ಚೆಂಡು ಕೊಟ್ಟು, “ಔಟೇ,” ಎಂದರು.

ಕಾರ್ಯದರ್ಶಿಯ ಬೆರಳು ಮೇಲೆ ಹೋಯಿತು. ಅಷ್ಟು ನಿಧಾನವಾಗಿ ಮೇಲೆ ಹೋದ ಬೆರಳನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ನಮ್ಮ ಹುಡುಗರು ಗೆದ್ದದ್ದಕ್ಕೆ ಕುಣಿಯಬೇಕೋ ಬೇಡವೋ ಎಂದು ನಿಂತರು. ಕುಣಿಯಲು ಶುರು ಮಾಡಿಸಿದವನು ಭಟ್ಕಳದ ಕ್ಯಾಪ್ಟನ್ನೇ. “ಯಲ್ಲಾ, ಎಂತ ಸತ್ತ ಮನೆ ಹಾಗೆ ನಿಂತಿದ್ದೀರಿ!” ಎಂದು ನಮ್ಮವರನ್ನು ನೂಕಿ, ಬಂದು ಭಾವನನ್ನು ತಬ್ಬಿಕೊಂಡ. “ಒಂದು ಗಳಿಗೆ ಸುಮ್ನೆ ಕೂತಿದ್ರೆ ನಿಮ್ಗೂ ಆಗ್ತಿತ್ತು, ನಮ್ಗೂ ಆಗ್ತಿತ್ತು. ಇಬ್ರದ್ದೂ ಹಾಳು ಮಾಡಿದ್ರಲ್ಲ ಭಾವ! ಬಿರಿಯಾನಿ ತಣ್ಣಗಾಯ್ತು, ಬನ್ನಿ.”

ಭಾವ ಹೋಗಿ ತಿಂದರು. ಅಕ್ಕ ಕಾರಿನಲ್ಲಿ ಕೂತೇ ಇದ್ದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಭಾವ, “ಗಾಳಿ ಇದ್ದಿತ್ತ್, ಇಲ್ದಿರೆ ಅದ್ ಹೊರ್ಗೇ ಬೀಳ್ತಿತ್ತ್,” ಎಂದು ಎರಡು ಮೂರು ಸಲ ಹೇಳಿದರು. ಅವರ ಮೊಣಕಾಲು ಊದಿಕೊಂಡಿತ್ತು. ಫ್ಲ್ಯಾಟಿಗೆ ಹೋದ ಮೇಲೆ ಅಕ್ಕ ಐಸ್ ತಂದು ಬಟ್ಟೆಯಲ್ಲಿ ಸುತ್ತಿ ಅದರ ಮೇಲಿಟ್ಟಳು, ಸ್ವಲ್ಪ ಜೋರಾಗಿಯೇ.

ಅಪ್ಪಯ್ಯ ಬಂದರು. ಟಿಕೆಟ್ ಆಗಿತ್ತಲ್ಲ. ವಾರ್ಷಿಕೋತ್ಸವದಲ್ಲಿ ಫಲಕದ ಅನಾವರಣವೂ ಆಯಿತು. ಮೇಲೆ ಚಿನ್ನದ ಬಣ್ಣದಲ್ಲಿ ಶೀರ್ಷಿಕೆ, ಕೆಳಗೆ ಬರೀ ಮರ. ಭಟ್ಕಳದವನು ವೇದಿಕೆಗೆ ಹತ್ತಿ ಆ ಕ್ಯಾಚನ್ನು ಅಭಿನಯಿಸಿ ತೋರಿಸಿದ. ಅಕ್ಕ ಜೆರ್ಸಿ ಹಿಡಿದದ್ದನ್ನೂ ಬಿಡಲಿಲ್ಲ. ಸಭೆ ನಕ್ಕು ನಕ್ಕು ಸುಸ್ತಾಯಿತು. ಅಪ್ಪಯ್ಯ ನಗದೆ ಪೂರ್ತಿ ಕೇಳಿದರು. ಮರುದಿನ ಬೆಳಿಗ್ಗೆ ಚಾ ಕುಡಿಯುವಾಗ ಭಾವನನ್ನು, “ಕಾಲ್ ಹ್ಯಾಂಗಿತ್ತ್?” ಎಂದು ವಿಚಾರಿಸಿದರು. ಪರೀಕ್ಷೆ ಮುಗಿಯಿತು, ಅವರೆಲ್ಲ ಒಂದೇ ವಿಮಾನದಲ್ಲಿ ಊರಿಗೆ ಹೋದರು.

ಆಮೇಲೆ ಐದು ವರ್ಷದಲ್ಲಿ ಇನ್ನೂ ಐದು ಪಂದ್ಯಾಟ ಕಳೆದವು. ಭಾವನ ಲೆಕ್ಕ ಎರಡನೆಯ ಸಲ ತುಂಬಿತೆಂದು ಕಾರ್ಯದರ್ಶಿ ಊರಿಗೆ ಫೋನ್ ಮಾಡಿದರು. ಫೋನ್ ಎತ್ತಿದ್ದು ಅಕ್ಕ. ಇವರು ಮನೆಯಲ್ಲಿಲ್ಲ, ಪಕ್ಕದೂರಿನ ಹಿರಿಯರ ಪಂದ್ಯಾಟಕ್ಕೆ ಆಡಲು ಹೋಗಿದ್ದಾರೆ, ಅಪ್ಪಯ್ಯನೂ ನೋಡಲು ಜೊತೆಗೆ ಹೋಗಿದ್ದಾರೆ ಎಂದಳಂತೆ. ಲೆಕ್ಕ ಮತ್ತೆ ಮೊದಲಿನಿಂದ ಎಂದುಕೊಂಡು ಕಾರ್ಯದರ್ಶಿ ನಮಸ್ಕಾರ ಹೇಳಿ ಫೋನ್ ಇಟ್ಟರು.